ಬಸ್ಸಿನಲ್ಲಿ ಹೇಳಿದ ಅರ್ಧ ಮಾತು

ಬಸ್ಸಿನಲ್ಲಿ ಕಿವಿಗೆ ಏನನ್ನೂ ಸಿಕ್ಕಿಸಿಕೊಳ್ಳದೆ ಫೋನಿನಲ್ಲಿ ರೀಲ್ಸ್ ನೋಡುವವರ ಬಗ್ಗೆ ನನಗಿರುವ ಸಿಟ್ಟು ನಮ್ಮ ಮನೆಯಲ್ಲಿ ಹಳೆಯ ಸಂಗತಿ. ನಮ್ಮ ಮನೆ ಇರುವುದು ಕಡಿಯಾಳಿಯಲ್ಲಿ, ನಾನು ಕನ್ನಡ ಕಲಿಸುವ ಪ್ರೌಢಶಾಲೆ ಇರುವುದು ಕಾಪುವಿನಲ್ಲಿ. ಬೆಳಿಗ್ಗೆ ಮಣಿಪಾಲದಿಂದ ಹೊರಟು ಮಂಗಳೂರಿಗೆ ಹೋಗುವ ಬಸ್ಸು ನಮ್ಮ ಸ್ಟಾಪಿಗೆ ಬರುವಾಗಲೇ ಅರ್ಧ ತುಂಬಿರುತ್ತದೆ. ಡ್ರೈವರಿನ ತಲೆಯ ಮೇಲಿನ ಸ್ಪೀಕರಿನಲ್ಲಿ ಸಿನಿಮಾ ಹಾಡು, ಬಲಗಡೆಯ ಸೀಟಿನಲ್ಲಿ ಕ್ರಿಕೆಟ್ಟು, ಹಿಂದಿನ ಸೀಟಿನಲ್ಲಿ ಯಾರೋ ಸ್ವಾಮಿಗಳ ಪ್ರವಚನ, ಇವೆಲ್ಲದರ ನಡುವೆ ಹೈವೇಯಲ್ಲಿ ಎದುರು ದಿಕ್ಕಿನಿಂದ ಬರುವ ಸ್ಕೂಟರುಗಳಿಗೆ ಹೊಡೆಯುವ ಹಾರ್ನು. ಕಾಪುವಿನಲ್ಲಿ ಇಳಿಯುವಾಗ ನನ್ನ ತಲೆ ಆಗಲೇ ನಾಲ್ಕು ಪಿರಿಯಡ್ ಪಾಠ ಮಾಡಿದಷ್ಟು ದಣಿದಿರುತ್ತದೆ. ಒಂದೆರಡು ಸಲ "ಸ್ವಲ್ಪ ಸಣ್ಣ ಮಾಡ್ತೀರಾ" ಎಂದು ಕೇಳಿದ್ದೂ ಉಂಟು. ಹಾಗೆ ಕೇಳಿಸಿಕೊಂಡವರು ನನ್ನನ್ನು ಬೇರೆ ಗ್ರಹದವಳಂತೆ ನೋಡಿ, ಎರಡು ನಿಮಿಷ ಸಣ್ಣ ಮಾಡಿ, ಮತ್ತೆ ದೊಡ್ಡದು ಮಾಡುತ್ತಾರೆ.

ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದ ನನ್ನ ಗಂಡನಿಗೆ ಇದೆಲ್ಲ ತಮಾಷೆ. ನಾನು ಬಸ್ಸನ್ನೂ ಕ್ಲಾಸೆಂದೇ ತಿಳಿದುಕೊಂಡಿದ್ದೇನೆ ಎಂದು ಅವರು ನಗುತ್ತಾರೆ.

ನಾನು ಹೇಳಹೊರಟ ಸೋಮವಾರ ಮಳೆಗಾಲ ಮುಗಿದ ಮೇಲಿನದು. ಅಂದು ನನಗೆ ಸಿಕ್ಕಿದ್ದು ಕಿಟಕಿಯ ಬದಿಯ ಸೀಟು. ನನ್ನ ಎದುರಿನ ಸೀಟಿನಲ್ಲಿ ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಕೂತಿದ್ದರು. ಮಡಿಲಲ್ಲಿ ಒಂದು ಚೀಲ, ಚೀಲದಲ್ಲಿ ಫ್ಲಾಸ್ಕು. ಆಸ್ಪತ್ರೆಯಲ್ಲಿ ಯಾರದೋ ಬಳಿ ರಾತ್ರಿ ಉಳಿದು ಮನೆಗೆ ಹೊರಟವರೆಂದು ನೋಡಿದರೇ ಗೊತ್ತಾಗುತ್ತಿತ್ತು. ಬಸ್ಸು ಉಡುಪಿ ದಾಟಿ ಹೈವೇಗೆ ಬಂದಾಗ ಅವರಿಗೆ ಒಂದು ಕಾಲ್ ಬಂತು. ಕಿವಿ ಸ್ವಲ್ಪ ಮಂದ ಇರಬೇಕು, ಅವರು ಫೋನನ್ನು ಸ್ಪೀಕರಿಗೆ ಹಾಕಿ ಬಾಯಿಯ ಮುಂದೆ ಹಿಡಿದುಕೊಂಡರು. ಆ ಕಡೆಯಿಂದ ಮಗಳ ದನಿ. ಇಬ್ಬರೂ ಮಾತಾಡಿದ್ದು ತುಳುವಿನಲ್ಲಿ.

ಮೊದಲು ಮಗಳ ಸೋದರಮಾವನ ಆಪರೇಷನ್ನಿನ ವಿಷಯ ಬಂತು. ಅವನು ಗಂಜಿ ಕುಡಿದನಂತೆ, ನಾಳೆ ವಾರ್ಡಿಗೆ ಹಾಕುತ್ತಾರಂತೆ. ಆಮೇಲೆ ಮಗಳು ಸುಮ್ಮನಾದಳು. ತಾಯಿ ಎರಡು ಮೂರು ಸಲ ಏನೆಂದು ಕೇಳಿದ ಮೇಲೆ, ನಿನ್ನೆ ಅವರು ಪುನಃ ಕೈ ಮಾಡಿದರು ಎಂದಳು.

ಬಸ್ಸಿನಲ್ಲಿ ನಾನು ಎಷ್ಟೋ ವರ್ಷದಿಂದ ಬೇಡಿಕೊಂಡಿದ್ದ ಮೌನ ಅಂದು ಸಿಕ್ಕಿತು. ಬಲಗಡೆಯವನು ತನ್ನ ಕ್ರಿಕೆಟ್ಟನ್ನು ನಿಲ್ಲಿಸಿದ. ಅವರ ಮುಂದಿನ ಸೀಟಿನ ಗಂಡಸೊಬ್ಬ ತಲೆಯನ್ನು ಸ್ವಲ್ಪವೇ ಈ ಕಡೆ ವಾಲಿಸಿದ. ಯಾರೂ ನೋಡುತ್ತಿರಲಿಲ್ಲ, ಎಲ್ಲರೂ ಕೇಳುತ್ತಿದ್ದರು. ಮಗಳು ಇದ್ದ ಮುಂಬೈಯ ಮನೆಯಲ್ಲಿ ನಡೆದದ್ದೆಲ್ಲ, ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮೆಲ್ಲರ ಕಿವಿಗೆ ಬಿತ್ತು. ಶುಕ್ರವಾರ ಗಂಡ ಕಂಪೆನಿಯ ಕೆಲಸಕ್ಕೆಂದು ಪೂನಾಕ್ಕೆ ಹೋಗುತ್ತಾನೆ, ಅಂದೇ ಸಂಜೆ ಮಗುವನ್ನು ಕರೆದುಕೊಂಡು ಊರಿನ ಬಸ್ಸು ಹತ್ತುತ್ತೇನೆ ಎಂದು ಮಗಳು ಹೇಳಿದಳು. ಮಗುವಿನ ಬಟ್ಟೆ ಮಾತ್ರ ತೆಗೆದುಕೋ, ಬೇರೆ ಏನೂ ಬೇಡ, ಕಾರ್ಕಳದವರಿಗೆ ಸುದ್ದಿ ಹೋಗಬಾರದು ಎಂದರು ತಾಯಿ. ಕಾರ್ಕಳ ಎಂದರೆ ಗಂಡನ ಮನೆಯವರು ಇರುವ ಊರು ಎಂದು ಅರ್ಥವಾಯಿತು. ಮುಂದಿನ ಸೀಟಿನವನ ತಲೆ ಇನ್ನೂ ಸ್ವಲ್ಪ ವಾಲಿತು. ಇನ್ನು ಒಂದೆರಡು ಮಾತಿನಲ್ಲಿ ಆ ಮನೆಯ ಹೆಸರೂ ಬರುತ್ತದೆ ಎಂದು ನನಗೆ ಭಯವಾಯಿತು. ನಮ್ಮ ಕಡೆ ಮನೆಯ ಹೆಸರೊಂದು ಗೊತ್ತಾದರೆ ಸಾಕು, ಸಂಜೆಯೊಳಗೆ ಮಾತು ಹೊಸ್ತಿಲಿಗೆ ಮುಟ್ಟುತ್ತದೆ.

ನಾನು ಮುಂದೆ ಬಾಗಿ ಅವರ ಭುಜ ಮುಟ್ಟಿ ಹೇಳಿದೆ: "ಇಲ್ಲಿ ತುಳು ಮಾತಾಡಬೇಡಿ ಅಕ್ಕ. ಬಸ್ಸಿನಲ್ಲಿ ಎಲ್ಲರಿಗೂ ಅರ್ಥ ಆಗ್ತದೆ. ಮನೆಗೆ ಹೋಗಿ ಮಾತಾಡಿ."

ಸ್ಪೀಕರ್ ಆಫ್ ಮಾಡಿ ಎನ್ನಬಹುದಿತ್ತು. ತುಳುವಿನಲ್ಲೇ ಹೇಳಬಹುದಿತ್ತು, ಅದು ನನ್ನ ಮನೆಮಾತು ಕೂಡ. ಆದರೆ ಹೊರಗೆ, ಗುರುತಿಲ್ಲದವರ ಮುಂದೆ, ನನ್ನ ಬಾಯಿ ತೆರೆಯುವುದೇ ಕನ್ನಡದಲ್ಲಿ. ಇಷ್ಟು ವರ್ಷದ ಕೆಲಸ ಮಾಡಿಟ್ಟ ಅಭ್ಯಾಸ. ಆ ಹೆಂಗಸು ಸುತ್ತ ಒಮ್ಮೆ ನೋಡಿದರು, ಆಗ ಅವರಿಗೆ ತಿಳಿಯಿತು. ಆಮೇಲೆ ಮಾತಾಡುತ್ತೇನೆ ಎಂದು ಮಗಳಿಗೆ ಹೇಳಿ ಫೋನನ್ನು ಚೀಲದ ಅಡಿಗೆ ತುರುಕಿ ತಲೆ ತಗ್ಗಿಸಿ ಕೂತರು. ಕಾಪುವಿನಲ್ಲಿ ನಾನು ಇಳಿಯುವವರೆಗೂ ತಲೆ ಎತ್ತಲಿಲ್ಲ.

ಇದು ಆದದ್ದು. ಮರುದಿನ ಸಂಜೆ ಮಣಿಪಾಲದ ಹಾಸ್ಟೆಲಿನಲ್ಲಿದ್ದು ಓದುವ ಅಕ್ಕನ ಮಗಳು ಫೋನ್ ಮಾಡಿದಳು. ದನಿಯೇ ಬೇರೆಯಾಗಿತ್ತು.

"ಚಿಕ್ಕಮ್ಮ, ಒಂದು ವಿಡಿಯೋ ಕಳಿಸಿದ್ದೇನೆ, ನೋಡಿ. ಅದು ನೀವಲ್ಲ ಅಲ್ವಾ?"

ನಾನೇ. ಆಚೆ ಬದಿಯ ಯಾವುದೋ ಸೀಟಿನಿಂದ ತೆಗೆದದ್ದು. ಗುಟ್ಟಿನ ಮಾತನ್ನು ಮಜಾ ನೋಡಲೆಂದು ರೆಕಾರ್ಡ್ ಮಾಡಲು ಹೊರಟವನಿಗೆ ಸಿಕ್ಕಿದ್ದು ನಾನು. ವಿಡಿಯೋ ಶುರುವಾಗುವುದು ನಾನು ಬಾಗುವಲ್ಲಿಂದ. "ಇಲ್ಲಿ ತುಳು ಮಾತಾಡಬೇಡಿ ಅಕ್ಕ" ಎನ್ನುತ್ತೇನೆ. ಅಲ್ಲಿಗೆ ನನ್ನ ಮಾತನ್ನು ಕತ್ತರಿಸಿ, ಮುಂದೆ ಆ ಹೆಂಗಸು ಫೋನನ್ನು ಚೀಲಕ್ಕೆ ತುರುಕಿ ತಲೆ ತಗ್ಗಿಸುವುದನ್ನು ನಿಧಾನ ಮಾಡಿ ತೋರಿಸಿದ್ದಾರೆ. ಕಿಟಕಿಯ ಕಡೆ ತಿರುಗಿದ್ದ ಅವರ ಬೆನ್ನು ಮಾತ್ರ ಕಾಣುತ್ತದೆ, ನನ್ನ ಮುಖ ಚೆನ್ನಾಗಿ ಕಾಣುತ್ತದೆ. ಹಿಂದೆ ದುಃಖದ ಪಿಟೀಲು. ಮೇಲೆ ಬರೆದದ್ದು, ತುಳುನಾಡಿನಲ್ಲಿ ತುಳು ಮಾತಾಡಬಾರದಂತೆ, ಇವರು ಟೀಚರಂತೆ ಎಂದು.

ಕೆಳಗಿನ ಕಾಮೆಂಟುಗಳನ್ನು ಓದಬಾರದಿತ್ತು, ಓದಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗುರುತು ಹಿಡಿದು ಶಾಲೆಯ ಹೆಸರು ಹಾಕಿದ್ದ. ಇಂಥವರನ್ನು ಗಡಿ ದಾಟಿಸಬೇಕು ಎಂದು ಒಬ್ಬ. ಕನ್ನಡದವರು ನಮ್ಮ ಭಾಷೆಯನ್ನು ತುಳಿಯುತ್ತಿದ್ದಾರೆ ಎಂದು ಇನ್ನೊಬ್ಬ. ಅದಕ್ಕೆ ಉತ್ತರವಾಗಿ ಘಟ್ಟದ ಮೇಲಿನ ಯಾರೋ ಒಬ್ಬರು ನನ್ನನ್ನು ಕನ್ನಡದ ವೀರ ಮಹಿಳೆ ಎಂದು ಹೊಗಳಿ ತುಳುವರನ್ನು ಬೈದಿದ್ದರು. ಬೈಗುಳಕ್ಕಿಂತ ಆ ಹೊಗಳಿಕೆ ಹೆಚ್ಚು ಚುಚ್ಚಿತು. ನನ್ನ ತಾಯಿ ತುಳು ಬಿಟ್ಟು ಬೇರೆ ಭಾಷೆ ಆಡದೆ ಬದುಕಿ ಹೋದವಳು.

ರಾತ್ರಿ ಊಟದ ಹೊತ್ತಿಗೆ ವಿಡಿಯೋ ನಮ್ಮ ಕುಟುಂಬದ ಗ್ರೂಪಿಗೂ ಬಂತು. ಹಾಕಿದವನು ನನ್ನ ದೊಡ್ಡಮ್ಮನ ಮಗ. ಪೂರ್ತಿ ನೋಡದೆಯೇ ಮುಂದೆ ಕಳಿಸಿರಬೇಕು, ನಾನು ಎಂದು ಅವನಿಗೆ ಗೊತ್ತಾಗಲಿಲ್ಲ. ಇಂಥವರಿಗೆ ಬುದ್ಧಿ ಕಲಿಸುವವರು ಯಾರೂ ಇಲ್ಲವೇ ಎಂದು ಅಡಿಯಲ್ಲಿ ಬರೆದಿದ್ದ. ಸ್ವಲ್ಪ ಹೊತ್ತಿನಲ್ಲಿ ಯಾರೋ ಹೇಳಿರಬೇಕು, ಅಳಿಸಿದ. ಅಳಿಸಿದ ಗುರುತು ಮಾತ್ರ ಉಳಿಯಿತು. ಅವನ ಮಕ್ಕಳಿಬ್ಬರೂ ಇಂಗ್ಲಿಷ್ ಮೀಡಿಯಮ್ಮು. ಮನೆಗೆ ಹೋದರೆ ನನ್ನೊಡನೆ "ಹಲೋ ಆಂಟಿ" ಎನ್ನುತ್ತಾರೆ, ಅಜ್ಜಿಯ ಮಾತಿಗೆ ಮುಖ ನೋಡುತ್ತಾರೆ. ಇದನ್ನು ನಾನು ಅವನಿಗೆ ಹೇಳಿಲ್ಲ. ಆದರೆ ನನ್ನ ಅಭಿಪ್ರಾಯ ಇದೇ: ನಮ್ಮ ಕಡೆ ತುಳು ಕಡಿಮೆಯಾಗುತ್ತಿದ್ದರೆ ಅದು ಬಸ್ಸಿನಲ್ಲಿ ಅಲ್ಲ, ಡೈನಿಂಗ್ ಟೇಬಲಿನಲ್ಲಿ. ಮಗುವಿನ ಬಾಯಿಯಿಂದ ಅದನ್ನು ತೆಗೆದವರೇ ಫೋನಿನಲ್ಲಿ ಅದಕ್ಕಾಗಿ ಜಗಳಕ್ಕೆ ನಿಲ್ಲುತ್ತಾರೆ, ಅದೂ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ.

ಅಕ್ಕನ ಮಗಳು ನನ್ನ ಕೈಲಿ ಒಂದು ಉತ್ತರದ ವಿಡಿಯೋ ಮಾಡಿಸಲು ಹೊರಟಳು. ತಾನೇ ಶೂಟ್ ಮಾಡುತ್ತೇನೆ, ನೀವು ತುಳುವಿನಲ್ಲೇ ಮಾತಾಡಿ, ಆ ಹೆಂಗಸು ಏನು ಹೇಳುತ್ತಿದ್ದರು, ನೀವು ಯಾಕೆ ತಡೆದಿರಿ ಎಂದು ಹೇಳಿದರೆ ನಾಳೆಯೇ ಎಲ್ಲರೂ ನಿಮ್ಮ ಪರ ಆಗುತ್ತಾರೆ ಎಂದಳು. ಅವಳ ಲೆಕ್ಕ ತಪ್ಪಿರಲಿಲ್ಲ. ನಾನು ಬಾಯಿ ಬಿಟ್ಟರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಅಂದಿನ್ನೂ ಮಂಗಳವಾರ. ಮುಂಬೈಯಲ್ಲಿ ಒಬ್ಬಳು ಶುಕ್ರವಾರಕ್ಕೆ ಕಾಯುತ್ತಿದ್ದಳು. ಆ ಹೆಂಗಸು ಮನೆಯ ಗುಟ್ಟನ್ನು ಮಾತಾಡುತ್ತಿದ್ದರು ಎಂದು ನಾನು ಅಷ್ಟೇ ಹೇಳಿದರೂ, ಎಂಥ ಗುಟ್ಟು, ಯಾವ ಹೆಂಗಸು, ಯಾವ ಊರು ಎಂದು ಜನ ಹುಡುಕುತ್ತಿದ್ದರು. ಆ ಬಸ್ಸಿನಲ್ಲಿ ಕೇಳಿದವರು ಬೇರೆ ಇದ್ದರು. ನೆನಪಿಸಿಕೊಳ್ಳಲು ಅವರಿಗೊಂದು ಕಾರಣ ಸಿಗುತ್ತಿತ್ತು. ಸುದ್ದಿ ಕಾರ್ಕಳಕ್ಕೆ ಹೋಗಿ ಅಲ್ಲಿಂದ ಮುಂಬೈಗೆ ಒಂದು ಫೋನು ಹೋದರೆ ಸಾಕಿತ್ತು.

ವಿಡಿಯೋ ಬೇಡ ಎಂದೆ. ಯಾಕೆ ಎಂದು ಕೇಳಿದಳು. ಈಗ ಹೇಳಲು ಆಗುವುದಿಲ್ಲ ಎಂದೆ. ಅವಳ ತಾಯಿ, ನನ್ನ ಅಕ್ಕ, ಇರುವುದೇ ಕಾರ್ಕಳದಲ್ಲಿ. ಅವಳೂ ಫೋನ್ ಮಾಡಿ ಅದೇ ಕೇಳಿದಳು. ಹುಟ್ಟಿದಂದಿನಿಂದ ಅವಳಿಗೆ ಹೇಳದ ಮಾತು ನನ್ನಲ್ಲಿ ಇರಲಿಲ್ಲ. ಆದರೂ ಕಾರ್ಕಳ ದೊಡ್ಡ ಊರಲ್ಲ, ಅವಳ ನಾಲಿಗೆಯ ಮೇಲೂ ನನಗೆ ಅಷ್ಟು ಭರವಸೆ ಇರಲಿಲ್ಲ. ನನಗೂ ಹೇಳದಷ್ಟು ಎಂತ ಉಂಟು ಎಂದು ಅವಳು ಬೇಸರದಿಂದ ಫೋನಿಟ್ಟಳು.

ನಾನು ಎಲ್ಲವನ್ನೂ ಹೇಳಿದ್ದು ಗಂಡನಿಗೆ ಒಬ್ಬರಿಗೆ. ಅವರು ಕೇಳಿ ಮುಗಿಸಿ, ನಗದೆ, "ಶನಿವಾರದವರೆಗೆ ತಾನೇ? ಸುಮ್ಮನಿರು. ಬೈದರೆ ಬೈಯಲಿ" ಎಂದರು. ನನ್ನ ಫೋನನ್ನು ತೆಗೆದು ಫ್ರಿಜ್ಜಿನ ಮೇಲಿಟ್ಟರು.

ಬುಧವಾರ ಶಾಲೆಯಲ್ಲಿ ಸ್ಟಾಫ್ ರೂಮಿಗೆ ನಾನು ಕಾಲಿಟ್ಟೊಡನೆ ಮಾತು ನಿಂತಿತು. ಮಕ್ಕಳು ಎಂದಿಗಿಂತ ಹೆಚ್ಚು ಶಿಸ್ತಾಗಿ ಕೂತಿದ್ದರು, ಅದು ಇನ್ನೂ ಕಷ್ಟ. ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿದರು. ನನಗಿಂತ ಚಿಕ್ಕವರು, ಒಳ್ಳೆಯವರು. ಹಳೆ ವಿದ್ಯಾರ್ಥಿ ಸಂಘದವರು ಫೋನ್ ಮಾಡಿದ್ದಾರಂತೆ, ಸೋಮವಾರ ಬರುತ್ತಾರಂತೆ, ನಾನು ಕ್ಷಮೆ ಕೇಳಬೇಕಂತೆ, ಅದನ್ನು ಅವರು ರೆಕಾರ್ಡ್ ಮಾಡಿ ಹಾಕುತ್ತಾರಂತೆ.

"ಎಂತ ಆಯ್ತು ಅಂತ ನನಗಾದರೂ ಹೇಳಿ ಟೀಚರ್. ನಾನು ಅವರಿಗೆ ಹೇಳ್ತೇನೆ" ಎಂದರು.

"ಶನಿವಾರದವರೆಗೆ ನನ್ನನ್ನು ಏನೂ ಕೇಳಬೇಡಿ ಮೇಡಂ. ಆಮೇಲೆ ಹೇಳ್ತೇನೆ. ನಾನು ತುಳುವನ್ನು ಅವಮಾನ ಮಾಡಿದವಳಲ್ಲ, ಅಷ್ಟು ಮಾತ್ರ ಈಗ ನಂಬಿ."

ಅವರಿಗೆ ಅರ್ಥವಾಗಲಿಲ್ಲ. ನಂಬಬೇಕೋ ಬೇಡವೋ ಎಂದು ಒಂದು ಕ್ಷಣ ಮೇಜಿನ ಮೇಲಿನ ಗಾಜನ್ನು ನೋಡಿದರು. ಕೊನೆಗೆ ಆಗಲಿ ಎಂದರು. ಆ ಒಂದು ಮಾತಿಗೆ ನಾನು ಇಂದಿಗೂ ಅವರಿಗೆ ಋಣಿ.

ಶಾಲೆಯ ಎದುರು ಒಂದು ಸ್ಟೇಶನರಿ ಅಂಗಡಿ ಇದೆ. ಅದರ ಯಜಮಾನರು ಬ್ಯಾರಿ, ಮನೆಯಲ್ಲಿ ಬ್ಯಾರಿ ಭಾಷೆ ಆಡುವ ಕರಾವಳಿಯ ಮುಸ್ಲಿಮರು, ಬಹಳ ವರ್ಷ ಗಲ್ಫಿನಲ್ಲಿದ್ದು ಬಂದವರು. ಗುರುವಾರ ಕೆಂಪು ಪೆನ್ನು ತೆಗೆದುಕೊಳ್ಳಲು ಹೋದಾಗ ಅವರಾಗಿಯೇ ಮಾತೆತ್ತಿದರು. ವಿಡಿಯೋ ತನಗೂ ಬಂದಿದೆ, ಡಿಲೀಟ್ ಮಾಡಿದೆ ಎಂದರು. ಪೆನ್ನನ್ನು ಹಾಳೆಯ ಮೇಲೆ ಗೀಚಿ ನೋಡಿ ಕೊಡುತ್ತಾ, "ನನ್ನ ಮೂರು ಮಕ್ಕಳೂ ನಿಮ್ಮ ಕ್ಲಾಸಿನಲ್ಲಿ ಕೂತವರು. ಇಂಟರ್‌ವೆಲ್ಲಿನಲ್ಲಿ ಬ್ಯಾರಿ ಮಾತಾಡಿದ್ದಕ್ಕೆ ನೀವು ಒಂದು ದಿವಸ ಬೈದವರಲ್ಲ. ಒಂದು ಮಾತಿನಲ್ಲಿ ಮನುಷ್ಯ ಬದಲಾಗುದುಂಟಾ?" ಎಂದರು. ಆ ವಾರದಲ್ಲಿ ಮೊದಲ ಸಲ ನನ್ನ ಕಣ್ಣು ತುಂಬಿ ಬಂತು. ಬೈದವರ ಮುಂದೆ ಬಾರದ ನೀರು ಅವರ ಅಂಗಡಿಯ ಮುಂದೆ ಬಂದದ್ದು ನೋಡಿ ಅವರಿಗೇ ಗಾಬರಿಯಾಗಿ, ಒಳಗೆ ಹೋಗಿ ಏನೋ ಹುಡುಕುವವರಂತೆ ನಟಿಸಿದರು.

ಶುಕ್ರವಾರ ನನಗೆ ಪಾಠ ಮಾಡಲಾಗಲಿಲ್ಲ. ಮಕ್ಕಳಿಗೆ ಪ್ರಬಂಧ ಬರೆಯಲು ಕೊಟ್ಟು ಕಿಟಕಿಯ ಬಳಿ ನಿಂತೆ. ಮುಖ ನೋಡಿರದ, ಹೆಸರು ಗೊತ್ತಿರದ ಆ ಹುಡುಗಿ ಈಗ ಏನು ಮಾಡುತ್ತಿರಬಹುದು, ಗಂಡ ಹೊರಟನೇ, ಅಕ್ಕಪಕ್ಕದವರು ಯಾರಾದರೂ ನೋಡಿದರೇ, ಮಗು ಬಾಯಿ ತಪ್ಪಿ ಏನಾದರೂ ಹೇಳಿತೇ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಹೇಳಿಕೊಡುವ ಒಂದು ಇಂಗ್ಲಿಷ್ ಶಬ್ದ ಇದೆ, ಅಡ್ಜಸ್ಟ್. ಓದು ಬಾರದ ಅಜ್ಜಿಯರಿಗೂ ಅದು ಗೊತ್ತು. ಪೆಟ್ಟು ತಿಂದು ಬಂದವಳನ್ನು ಸ್ವಲ್ಪ ಅಡ್ಜಸ್ಟ್ ಮಾಡು ಎಂದು ಮರಳಿ ಬಸ್ಸು ಹತ್ತಿಸಿದ ಮನೆಗಳನ್ನು ನಾನು ಕಂಡಿದ್ದೇನೆ, ನಮ್ಮ ಬಂಧುಗಳಲ್ಲೇ. ಅಂಥದ್ದರ ನಡುವೆ ಈ ತಾಯಿ, ಕಿವಿ ಸರಿಯಾಗಿ ಕೇಳಿಸದ ಈ ಹೆಂಗಸು, ಮಗುವಿನ ಬಟ್ಟೆ ಮಾತ್ರ ತೆಗೆದುಕೊಂಡು ಬಾ ಎಂದಿದ್ದರು. ಇನ್ನೊಂದು ಪ್ರಶ್ನೆ ಕೇಳಿರಲಿಲ್ಲ. ಅದಕ್ಕಾಗಿ ಅವರ ಮೇಲೆ ನನಗೆ ಹುಟ್ಟಿದ ಗೌರವ, ಒಂದು ವಾರದ ಬೈಗುಳಕ್ಕಿಂತ ದೊಡ್ಡದು.

ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಹೋಗುವಾಗ ಹೈವೇಯಲ್ಲಿ ಮುಂಬೈಯಿಂದ ಬಂದ ಸ್ಲೀಪರ್ ಬಸ್ಸುಗಳು ನಮ್ಮನ್ನು ದಾಟಿ ಹೋಗುತ್ತಿದ್ದವು. ಪರದೆ ಎಳೆದ ಕಿಟಕಿಗಳು. ಒಂದರಲ್ಲಿ ಪರದೆಯ ಸಂದಿನಿಂದ ಒಂದು ಪುಟ್ಟ ಕೈ ಗಾಜಿಗೆ ಒತ್ತಿಕೊಂಡಿತ್ತು. ಆ ಕೈ ಅದೇ ಮಗುವಿನದು ಎಂದು ನಂಬಲು ಯಾವ ಕಾರಣವೂ ಇರಲಿಲ್ಲ. ನಂಬಿದೆ. ನಂಬಿ ಸ್ವಲ್ಪ ಸಮಾಧಾನ ಮಾಡಿಕೊಂಡೆ.

ಸೋಮವಾರ ಬಂತು. ಎರಡನೇ ಪಿರಿಯಡ್ಡಿನಲ್ಲಿ ಕರೆ ಬಂತು. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಹಳೆ ವಿದ್ಯಾರ್ಥಿ ಸಂಘದ ಅಧ್ಯಕ್ಷ ಕೂತಿದ್ದ. ಹೆಜಮಾಡಿಯವನು, ಈಗ ಅಲ್ಲಿ ಮಂಜುಗಡ್ಡೆಯ ಕಾರ್ಖಾನೆ ನಡೆಸುತ್ತಾನೆ, ನನ್ನ ಕೈಯಲ್ಲೇ ಕಲಿತವನು. ನಾನು ಬಂದೊಡನೆ ಎದ್ದು ನಿಂತ, ಅಷ್ಟು ಅಭ್ಯಾಸ ಉಳಿದಿತ್ತು. ಮತ್ತೆ ಕೂತು, ಗಂಟಲು ಸರಿಮಾಡಿಕೊಂಡು, ಊರಿನವರಿಗೆ ನೋವಾಗಿದೆ, ಎರಡು ಮಾತಿನಲ್ಲಿ ಕ್ಷಮೆ ಕೇಳಿದರೆ ವಿಷಯ ಮುಗಿಯುತ್ತದೆ, ನಮಗೂ ನಿಮ್ಮ ಮೇಲೆ ದ್ವೇಷವಿಲ್ಲ ಎಂದ. ಫೋನು ಮೇಜಿನ ಮೇಲೆ ತಯಾರಾಗಿತ್ತು.

ಏನು ಹೇಳಬೇಕೆಂದು ನಾನು ಯೋಚಿಸಿಕೊಂಡು ಬಂದಿದ್ದೆ. ಆದರೆ ಆ ಹುಡುಗಿ ಬಂದಳೋ ಇಲ್ಲವೋ ಎಂಬುದು ನನಗಿನ್ನೂ ಗೊತ್ತಿರಲಿಲ್ಲ. ಶನಿವಾರ ಕಳೆದಿತ್ತು ಎಂಬುದಷ್ಟೇ ಗೊತ್ತಿತ್ತು. ಅದು ಸಾಕೇ ಎಂದು ನಾನು ತೂಗುತ್ತಿರುವಾಗ ಬಾಗಿಲಲ್ಲಿ ಜವಾನ ಬಂದು, ಯಾರೋ ಒಬ್ಬರು ಎರ್ಮಾಳಿನಿಂದ ಬಂದಿದ್ದಾರೆ, ಬಸ್ಸಿನ ವಿಡಿಯೋದ ಟೀಚರನ್ನು ನೋಡಬೇಕಂತೆ ಎಂದ.

ಒಳಗೆ ಬಂದವರು ಅವರೇ. ಸೀರೆ ಬೇರೆ, ಚೀಲ ಅದೇ. ನಮ್ಮ ಮೂವರನ್ನೂ ನೋಡಿ, ನನ್ನನ್ನು ಗುರುತಿಸಿ, ನೇರ ನನ್ನ ಬಳಿ ಬಂದು ಕೈ ಹಿಡಿದುಕೊಂಡರು. ಮಾತಾಡಿದ್ದು ತುಳುವಿನಲ್ಲಿ, ಕಿವಿ ಮಂದ ಇರುವವರ ದೊಡ್ಡ ದನಿಯಲ್ಲಿ. ಪಕ್ಕದ ಮನೆಯ ಹುಡುಗಿ ನಿನ್ನೆ ವಿಡಿಯೋ ತೋರಿಸಿದಳಂತೆ. ಬೆನ್ನು ಕಂಡರೂ ತನ್ನ ಸೀರೆ ತನಗೆ ಗೊತ್ತಾಗದೇ ಎಂದರು.

"ಮಗಳು ಬಂದಳಾ ಅಕ್ಕ?" ನಾನು ಮೊದಲು ಕೇಳಿದ್ದು ಅದನ್ನು, ಈ ಸಲ ತುಳುವಿನಲ್ಲಿ.

"ಶನಿವಾರ ಬೆಳಿಗ್ಗೆಯೇ ಇಳಿದಳು ಟೀಚರ್. ಮಗುವೂ ಚೆನ್ನಾಗಿದೆ" ಎಂದರು.

ನಾನು ಹತ್ತಿರದ ಕುರ್ಚಿಯನ್ನು ಎಳೆದು ಅವರನ್ನು ಕೂರಿಸಿದೆ. ಒಂದು ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ನನ್ನ ಹೆಸರಿನದ್ದಲ್ಲ, ಆ ಹುಡುಗಿಯದ್ದು ಎಂದು ನನಗೆ ಆಗಲೇ ಗೊತ್ತಾದದ್ದು.

ಅವರು ಅಧ್ಯಕ್ಷನ ಕಡೆ ತಿರುಗಿದರು. ಯಾರು, ಏನು ಎಂದು ಕೇಳಲಿಲ್ಲ. ಮುಂದೆ ಫೋನು ಇಟ್ಟುಕೊಂಡು ಕೂತವನು ಯಾಕೆ ಬಂದಿದ್ದಾನೆ ಎಂದು ಊಹಿಸಿಕೊಂಡರು.

"ಈ ಟೀಚರ್ ನನಗೆ ತುಳು ಮಾತಾಡಬೇಡಿ ಅಂದದ್ದು ಹೌದು" ಎಂದರು. "ನನ್ನ ಮಗಳನ್ನು ಗಂಡ ಹೊಡೆಯುತ್ತಿದ್ದ. ಅವಳು ಅಲ್ಲಿಂದ ಹೊರಡುವ ದಿವಸವನ್ನು ನಾನು ಬಸ್ಸಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದೆ. ಕಿವಿ ಕೇಳುವುದಿಲ್ಲ ನನಗೆ, ಎಷ್ಟು ದೊಡ್ಡ ಮಾತಾಡುತ್ತೇನೆ ಅಂತಲೂ ಗೊತ್ತಾಗುವುದಿಲ್ಲ. ಎಲ್ಲರಿಗೂ ಅರ್ಥ ಆಗ್ತದೆ, ಮನೆಗೆ ಹೋಗಿ ಮಾತಾಡಿ ಅಂತ ಇವರು ಹೇಳಿದರು. ಅದನ್ನು ಯಾಕೆ ಕತ್ತರಿಸಿದ್ದೀರಿ?"

ಅಧ್ಯಕ್ಷ ಫೋನನ್ನು ಮಗುಚಿ ಹಾಕಿದ. ಅದು ತಾನು ಮಾಡಿದ ವಿಡಿಯೋ ಅಲ್ಲ ಎಂದ. ಅದು ನಿಜವೂ ಹೌದು. ಹಾಗಾದರೆ ಯಾರು ಮಾಡಿದ್ದು ಎಂದು ಅವರು ಕೇಳಿದಾಗ, ತನಗೂ ಯಾರೋ ಕಳಿಸಿದ್ದು ಎಂದ. ನಮ್ಮ ಕಾಲದ ದೊಡ್ಡ ಕಷ್ಟ ಇದೇ ಎಂದು ನನಗೆ ತೋರುತ್ತದೆ. ಕಲ್ಲು ಬಂದು ತಾಗುತ್ತದೆ, ಹೊಡೆದವನು ಮಾತ್ರ ಯಾರೂ ಇರುವುದಿಲ್ಲ. ಎಲ್ಲರೂ ಬಂದದ್ದನ್ನು ಮುಂದೆ ಕಳಿಸಿದವರು.

ಅವನು ನನ್ನ ಕಡೆ ತಿರುಗಿ ಕೇಳಿದ. "ಇಷ್ಟು ದಿವಸ ನೀವು ಯಾಕೆ ಹೇಳಲಿಲ್ಲ ಟೀಚರ್? ಒಂದು ಮಾತು ಹೇಳಿದ್ದರೆ ಆಗ್ತಿತ್ತು."

"ಹೇಳಿದ್ದರೆ ಅವರ ಮನೆಯ ಕಥೆ ನಿಮ್ಮ ಗ್ರೂಪಿಗೆ ಬರ್ತಿತ್ತು ಮಾರಾಯ" ಎಂದೆ.

ಅವನು ತಲೆ ಕೆರೆದುಕೊಂಡ. ಆಮೇಲೆ, ಈ ಅಮ್ಮ ಹೇಳಿದ್ದನ್ನೇ ಒಂದು ಸಣ್ಣ ವಿಡಿಯೋ ಮಾಡಿ ಹಾಕಿದರೆ ಎಲ್ಲರಿಗೂ ಸತ್ಯ ಗೊತ್ತಾಗುತ್ತದೆ ಎಂದು ಹುರುಪಿನಿಂದ ಫೋನು ಎತ್ತಿದ. ನಾನು ಬೇಡ ಎನ್ನುವ ಮೊದಲೇ ಮುಖ್ಯೋಪಾಧ್ಯಾಯಿನಿ ಬೇಡ ಎಂದರು. ಕ್ಷಮೆಯೂ ಬೇಡ, ವಿಡಿಯೋವೂ ಬೇಡ, ಮಾತು ಅರ್ಧ ಕತ್ತರಿಸಲ್ಪಟ್ಟಿದೆ, ನಾವು ವಿಚಾರಿಸಿದ್ದೇವೆ, ಟೀಚರದ್ದು ತಪ್ಪಿಲ್ಲ ಎಂದು ಸಂಘದ ಹೆಸರಿನಲ್ಲಿ ಬರೆದು ಹಾಕಿ ಎಂದರು. ಅವನು ಅಲ್ಲೇ ಕೂತು ಬರೆದ. ಕಾಗುಣಿತದ ಎರಡು ತಪ್ಪುಗಳಿದ್ದವು. ನಾನು ತಿದ್ದಲಿಲ್ಲ ಎಂದರೆ ಸುಳ್ಳಾಗುತ್ತದೆ, ತಿದ್ದಿದೆ.

ಎರ್ಮಾಳಿನ ಆ ಹೆಂಗಸನ್ನು ಬಸ್ ಸ್ಟಾಪಿನವರೆಗೆ ಬಿಡಲು ಹೋದೆ. ದಾರಿಯಲ್ಲಿ ಉಳಿದದ್ದನ್ನು ಹೇಳಿದರು, ನಾನು ಎಷ್ಟು ಸಲ ಕೈ ಸನ್ನೆ ಮಾಡಿದರೂ ಅದೇ ದೊಡ್ಡ ದನಿಯಲ್ಲಿ. ಇನ್ನು ಮುಚ್ಚಿಡುವುದು ಏನೂ ಇಲ್ಲ ಎಂದರು. ಭಾನುವಾರ ಕಾರ್ಕಳದಿಂದ ಮೂವರು ಹಿರಿಯರು ಬಂದಿದ್ದರಂತೆ. ಚಹಾ ಕುಡಿದು, ಹುಡುಗ ಸಿಟ್ಟಿನವನು, ಮನಸ್ಸು ಒಳ್ಳೆಯದು, ಮಗುವಿನ ಮುಖ ನೋಡಿಯಾದರೂ ಕಳಿಸಿ ಎಂದರಂತೆ. ಇವರು ಅವರನ್ನು ಮಗಳ ಬಳಿಗೆ ಬಿಡಲೇ ಇಲ್ಲ. ಅವಳು ಮಲಗಿದ್ದಾಳೆ, ಎಬ್ಬಿಸುವುದಿಲ್ಲ ಎಂದರಂತೆ. ವಕೀಲರ ಹತ್ತಿರ ಮಾತಾಡಲು ನಾಳೆ ಉಡುಪಿಗೆ ಹೋಗುತ್ತೇವೆ ಎಂದರು.

"ಬಂದ ಮೇಲೆ ನಿದ್ದೆಯೇ ಮಾಡುತ್ತಾಳೆ ಟೀಚರ್. ಮಗು ಮೈಮೇಲೆ ಹತ್ತಿ ಆಡಿದರೂ ಎಚ್ಚರ ಇಲ್ಲ. ಎಷ್ಟು ದಿನದ ಬಾಕಿಯೋ. ಮಲಗಲಿ ಅಂತ ಬಿಟ್ಟಿದ್ದೇನೆ."

ಬಸ್ಸು ಬಂತು, ಅವರು ಹತ್ತಿದರು. ನಾನು ಶಾಲೆಗೆ ಹಿಂದಿರುಗುವಾಗ ಗಾಳಿ ಕಡಲಿನ ಕಡೆಯಿಂದ ಬೀಸುತ್ತಿತ್ತು. ಆ ಹಾದಿಯಲ್ಲಿ ದಿನವೂ ನಡೆಯುತ್ತೇನೆ, ಅಲ್ಲಿ ಗಾಳಿ ಇಷ್ಟು ತಂಪಿದೆ ಎಂದು ಆ ವಾರ ನನಗೆ ಅನಿಸಿರಲಿಲ್ಲ. ಸ್ಟೇಶನರಿ ಅಂಗಡಿಯವರು ಕೈ ಎತ್ತಿ ಏನಾಯ್ತು ಎಂದು ಸನ್ನೆಯಲ್ಲೇ ಕೇಳಿದರು. ಸರಿಯಾಯಿತು ಎಂದು ನಾನೂ ಸನ್ನೆಯಲ್ಲೇ ಹೇಳಿದೆ.

ಸಂಘದವರ ಬರಹವನ್ನು ಎಷ್ಟು ಜನ ಓದಿದರೋ ಗೊತ್ತಿಲ್ಲ. ವಿಡಿಯೋ ನೋಡಿದವರಲ್ಲಿ ಹೆಚ್ಚಿನವರು ಅದನ್ನು ನೋಡಿರಲಾರರು. ಅಷ್ಟರಲ್ಲಿ ಬೇರೆ ಊರಿನಲ್ಲಿ ಬೇರೆ ಯಾರೋ ಪಾರ್ಕಿಂಗಿಗಾಗಿ ಜಗಳವಾಡಿದ ವಿಡಿಯೋ ಬಂದು ಜನ ಆ ಕಡೆಗೆ ಓಡಿದ್ದರು. ನನ್ನ ಮೇಲಿನ ಸಿಟ್ಟು ತಪ್ಪು ಎಂದು ತಿಳಿದು ಇಳಿದದ್ದಲ್ಲ, ಸಾಕಾಗಿ ಇಳಿದದ್ದು. ಇರಲಿ, ಇಳಿಯಿತಲ್ಲ. ದೊಡ್ಡಮ್ಮನ ಮಗ ಮುಂದಿನ ಭಾನುವಾರ ಹೆಂಡತಿಯೊಡನೆ ಮನೆಗೆ ಬಂದ. ವಿಡಿಯೋದ ಮಾತೆತ್ತಲಿಲ್ಲ. ಹೋಗುವಾಗ ತನ್ನ ಗದ್ದೆಯ ಹರಿವೆ ಸೊಪ್ಪಿನ ದೊಡ್ಡ ಕಟ್ಟೊಂದನ್ನು ಅಡುಗೆಮನೆಯಲ್ಲಿ ಇಟ್ಟು ಹೋದ. ನನಗೆ ಅಷ್ಟು ಸಾಕಾಯಿತು. ಅಕ್ಕನ ಬೇಸರ ಹೋಗಲು ಹೆಚ್ಚು ದಿನ ಬೇಕಾಯಿತು. ಎಲ್ಲ ಹೇಳಿದ ಮೇಲೆ ಅವಳು, ನಾನು ಯಾರಿಗೂ ಹೇಳುತ್ತಿರಲಿಲ್ಲ ಎಂದಳು. ಮರುಕ್ಷಣವೇ ಅವಳೇ ನಕ್ಕಳು.

ಡಿಸೆಂಬರಿನ ರಜೆಯಲ್ಲಿ ಗಂಡ ಮತ್ತು ನಾನು ಎರ್ಮಾಳಿಗೆ ಹೋದೆವು. ಆ ತಾಯಿ ತುಂಬ ಸಲ ಕರೆದಿದ್ದರು. ಕಡಲಿಗೆ ಹತ್ತಿರದ ಸಣ್ಣ ಮನೆ, ಜಗಲಿಯ ಮೇಲೆ ಬಲೆಯ ರಾಶಿ. ಆಪರೇಷನ್ ಆಗಿದ್ದ ಅವರ ತಮ್ಮ ಮೂಲೆಯಲ್ಲಿ ಕೂತು ಬಲೆ ಹೆಣೆಯುತ್ತಿದ್ದರು. ಒಳಗಿನಿಂದ ಮಗಳು ನೀರ್‌ದೋಸೆಯ ತಟ್ಟೆ ಹಿಡಿದು ಬಂದಳು. ಒಂದು ವಾರ ನಾನು ಊಹಿಸಿಕೊಂಡಿದ್ದ ಮುಖ ಅದಲ್ಲ. ಉದ್ದ ಮುಖ, ಎಡಗೆನ್ನೆಯಲ್ಲಿ ಗುಳಿ, ತಾಯಿಯಷ್ಟೇ ದೊಡ್ಡ ದನಿ. ಪಡುಬಿದ್ರಿಯ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ, ಕೇಸು ನಡೆಯುತ್ತಾ ಇದೆ, ಸಮಯ ಹಿಡಿಯುತ್ತದೆ ಎಂದಳು. ಹೇಳುತ್ತಲೇ ನಮ್ಮ ತಟ್ಟೆಗಳಿಗೆ ಚಟ್ನಿ ಬಡಿಸಿದಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ.

ಮಗು ಮುಂಬೈಯಲ್ಲಿ ಹುಟ್ಟಿ ಬೆಳೆದದ್ದು. ಬಂದ ಹೊಸದರಲ್ಲಿ ಅದಕ್ಕೆ ಹಿಂದಿ ಬಿಟ್ಟರೆ ಏನೂ ಬರುತ್ತಿರಲಿಲ್ಲವಂತೆ. ಅಜ್ಜಿಗೆ ಹಿಂದಿ ಬಾರದು. ಇಬ್ಬರೂ ಒಂದು ತಿಂಗಳು ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ದಿನವಿಡೀ ಮಾತಾಡಿದರಂತೆ. ಅಂದು ಅಜ್ಜಿ ಇನ್ನೊಂದು ದೋಸೆ ಹಾಕಲು ಹೋದಾಗ ಮಗು ತಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿ, "ಬೊಡ್ಚಿ" ಎಂದಿತು, ಬೇಡ ಎಂದು, ಅಚ್ಚ ತುಳುವಿನಲ್ಲಿ. ಅಜ್ಜಿಗೆ ಕೇಳಿಸಲಿಲ್ಲ, ದೋಸೆ ಹಾಕಲು ತಟ್ಟೆ ಹುಡುಕಿದರು. ಮಗು ಇನ್ನೂ ದೊಡ್ಡದಾಗಿ ಬೊಡ್ಚಿ ಎಂದು ಕೂಗಿ ಅಂಗಳಕ್ಕೆ ಓಡಿತು. ಅದರ ತಾಯಿ ಬಾಗಿಲಿಗೆ ಒರಗಿ ನಗುತ್ತಾ ನಿಂತಳು, ಬಹಳ ಹೊತ್ತು.